ಗೋರಿಯ ಮಡಕೆಗಳಿಂದ ಆದಿ ಈಜಿಪ್ಟ್‌ನ ಕಾಲ ಜೋಡಿಸುವುದು ಹೇಗೆ

ಈಜಿಪ್ಟ್‌ನ ಚರಿತ್ರೆಯಲ್ಲಿ ಅರಸರ ಹೆಸರು ಸಿಗುವುದು ಕ್ರಿ.ಪೂ. 3200ರ ಆಚೀಚೆಯಿಂದ. ಅದಕ್ಕೂ ಹಿಂದೆ ಸಾವಿರಾರು ವರ್ಷಗಳ ಕಥೆ ಇದೆ. ಹಸಿರಾಗಿದ್ದ ಸಹಾರಾದಲ್ಲಿ ದನ ಮೇಯಿಸಿಕೊಂಡು ಅಲೆಯುತ್ತಿದ್ದವರು, ಮಳೆ ಕೈಕೊಟ್ಟ ಮೇಲೆ ನೈಲ್ ದಂಡೆಗೆ ಹತ್ತಿರವಾದವರು, ಪಶ್ಚಿಮ ಏಷ್ಯಾದಿಂದ ಬಂದ ಗೋಧಿ, ಬಾರ್ಲಿ, ಕುರಿ, ಆಡುಗಳನ್ನು ಒಗ್ಗಿಸಿಕೊಂಡವರು, ಊರು ಕಟ್ಟಿದವರು. ಅವರು ಬರೆದಿಟ್ಟದ್ದು ಏನೂ ಇಲ್ಲ. ಮರಳಿನಲ್ಲಿ ತೋಡಿದ ಗೋರಿಗಳನ್ನೂ ಸತ್ತವರ ಪಕ್ಕ ಮಡಕೆಗಳನ್ನೂ ಬಿಟ್ಟು ಹೋದರು. ಆ ಮಡಕೆಗಳನ್ನಿಟ್ಟುಕೊಂಡು ಯಾವ ಗೋರಿ ಮೊದಲು, ಯಾವುದು ಆಮೇಲೆ ಎಂದು ಜೋಡಿಸುವ ವಿಧಾನ ಇಲ್ಲಿದೆ. ಇದಕ್ಕೆ ಈಜಿಪ್ಟ್‌ಗೆ ಹೋಗಬೇಕಿಲ್ಲ, ಪ್ರಕಟವಾದ ಉತ್ಖನನ ವರದಿಯೊಂದು ಸಾಕು.

ಒಂದು ಮಾತು ಮೊದಲೇ ಗಟ್ಟಿಯಾಗಲಿ: ಮೊದಲು ಸರದಿ, ಆಮೇಲೆ ವರ್ಷ. ‘ಇದು ಕ್ರಿ.ಪೂ. ಎಷ್ಟನೇ ಇಸವಿಯದು’ ಎಂದು ಶುರು ಮಾಡಿದವರು ಸಾಮಾನ್ಯವಾಗಿ ದಾರಿ ತಪ್ಪುತ್ತಾರೆ.

ಬೇಕಾಗುವುದು

ಈ ವಿಧಾನವನ್ನು ರೂಪಿಸಿದವರು ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ. 1894-95ರಲ್ಲಿ ಮೇಲಿನ ಈಜಿಪ್ಟ್‌ನ, ಅಂದರೆ ದಕ್ಷಿಣ ಈಜಿಪ್ಟ್‌ನ, ನಕಾದಾದಲ್ಲಿ ಅವರು ಎರಡು ಸಾವಿರಕ್ಕೂ ಮಿಕ್ಕ ಗೋರಿಗಳನ್ನು ಅಗೆದರು. ಮೊದಮೊದಲು ಅವನ್ನು ಪಿರಮಿಡ್ ಕಾಲದ ನಂತರ ಹೊರಗಿನಿಂದ ನುಗ್ಗಿದ ‘ಹೊಸ ಜನಾಂಗ’ದ ಗೋರಿಗಳೆಂದೇ ನಂಬಿದ್ದರು. ಅವು ಅರಸರಿಗಿಂತ ಹಿಂದಿನವೆಂದು ತೋರಿಸಿಕೊಟ್ಟವರು ಫ್ರೆಂಚ್ ಪುರಾತತ್ವಜ್ಞ ಜಾಕ್ ದ ಮೋರ್ಗನ್. ಪೆಟ್ರಿ ಅದನ್ನು ಒಪ್ಪಿಕೊಂಡು, ಐದಕ್ಕಿಂತ ಕಡಿಮೆ ಬಗೆಯ ಮಡಕೆಗಳಿದ್ದ ಗೋರಿಗಳನ್ನು ಕೈಬಿಟ್ಟು, ಉಳಿದ 900 ಗೋರಿಗಳಿಗೆ ಒಂದೊಂದು ರಟ್ಟಿನ ಪಟ್ಟಿ ಕತ್ತರಿಸಿದರು. ಪಟ್ಟಿಯ ಉದ್ದ ಏಳು ಅಂಗುಲ, ಅಂದರೆ ಸುಮಾರು 18 ಸೆಂಟಿಮೀಟರ್. ಮಡಕೆಯ ಒಂದೊಂದು ಜಾತಿಗೆ ಒಂದೊಂದು ಅಂಕಣ. ಆಮೇಲೆ ಪಟ್ಟಿಗಳನ್ನು ಮೇಲೆ ಕೆಳಗೆ ಸರಿಸುತ್ತ ಹೋದರು. ಅವರ ಫಲಿತಾಂಶ ವಿವರವಾಗಿ ಪ್ರಕಟವಾದದ್ದು 1901ರಲ್ಲಿ.

ಕಲಿಯಲು 900 ಬೇಡ. ಒಂದೇ ಸ್ಮಶಾನದ 30-40 ಗೋರಿಗಳನ್ನು ಆಯ್ದುಕೊಳ್ಳಿ. ಎರಡು ಸ್ಮಶಾನಗಳನ್ನು ಬೆರೆಸಬೇಡಿ, ಅದರ ಕಾರಣ ಕೆಳಗೆ ಬರುತ್ತದೆ. ಐದು ಬಗೆಯ ನಿಯಮವನ್ನು ಸಣ್ಣ ಸ್ಮಶಾನದಲ್ಲಿ ಮೂರಕ್ಕೆ ಇಳಿಸಬಹುದು, ಅದಕ್ಕಿಂತ ಇಳಿಸಿದರೆ ಪಟ್ಟಿ ಎಲ್ಲಿ ಬೇಕಾದರೂ ಕೂರುತ್ತದೆ. ವರದಿಯಲ್ಲಿ ಗೋರಿಯ ಸಂಖ್ಯೆ, ಅಳತೆ, ಕದಡಿದೆಯೇ ಇಲ್ಲವೇ ಎಂಬ ಟಿಪ್ಪಣಿ, ಮಡಕೆಗಳ ಸಂಕೇತ ಈ ನಾಲ್ಕೂ ಇರಬೇಕು. ಲಂಡನ್‌ನ ಪೆಟ್ರಿ ಮ್ಯೂಸಿಯಂನ ಆನ್‌ಲೈನ್ ಪಟ್ಟಿಯಲ್ಲಿ ಮಡಕೆಗಳ ಫೋಟೋಗಳಿವೆ, ಕಣ್ಣು ಪಳಗಿಸಲು ಅದು ಒಳ್ಳೆಯ ಜಾಗ. ಈಜಿಪ್ಟ್‌ಗೆ ಪ್ರವಾಸ ಹೋದವರು ನೆಲದ ಮೇಲಿನ ಬೋಕಿ ಚೂರನ್ನೂ ಎತ್ತಿಕೊಳ್ಳಬಾರದು. 1983ರ 117ನೇ ಕಾನೂನಿನಂತೆ ಪುರಾತನ ವಸ್ತುಗಳು ಅಲ್ಲಿನ ಸರ್ಕಾರದ ಸೊತ್ತು. ಎತ್ತಿದ ಚೂರಿಗೆ ಜಾಗದ ದಾಖಲೆ ತಪ್ಪಿಹೋಗುವುದರಿಂದ ಈ ಕೆಲಸಕ್ಕೂ ಅದು ಬಾರದು.

ಮಡಕೆಯ ಜಾತಿ ಗುರುತಿಸುವುದು

ಪೆಟ್ರಿ ಒಂಬತ್ತು ಜಾತಿ ಮಾಡಿದ್ದರು. ಅದರಲ್ಲಿ ವಿಚಿತ್ರ ಆಕಾರದ ಮಡಕೆಗಳು, ಗೀರು ಹಾಕಿದ ಕಪ್ಪು ಮಡಕೆಗಳು ಈ ಎರಡನ್ನು ಬಿಟ್ಟುಬಿಡಿ. ಅಪರೂಪಕ್ಕೆ ಸಿಗುವ ವಸ್ತುವಿನಿಂದ ಸರದಿ ಕಟ್ಟಲಾಗದು. ಉಳಿದ ಏಳು ಜಾತಿ ಸಾಕು.

ಕಪ್ಪುಬಾಯಿ ಮಡಕೆ ಎಲ್ಲರ ಕಣ್ಣಿಗೂ ಮೊದಲು ಬೀಳುತ್ತದೆ: ಮೈಯೆಲ್ಲ ಹೊಳಪು ಕೊಟ್ಟ ಕೆಂಪು, ಬಾಯಿಯ ಸುತ್ತ ಮತ್ತು ಒಳಗೆ ಕಪ್ಪು. ನೈಲ್‌ನ ಮೆಕ್ಕಲು ಮಣ್ಣಿನಲ್ಲಿ, ಚಕ್ರವಿಲ್ಲದೆ ಕೈಯಲ್ಲೇ ಕಟ್ಟಿದ್ದು. ಕೆಂಪು ಬಂದದ್ದು ಕಬ್ಬಿಣದ ಅಂಶವಿರುವ ಕಾವಿಯಿಂದ, ಕಪ್ಪು ಬಂದದ್ದು ಸುಡುವಾಗಲೋ ಸುಟ್ಟ ಕೂಡಲೋ ಬಾಯಿಯ ಭಾಗಕ್ಕೆ ಗಾಳಿ ಸಿಗದೆ ಇಂಗಾಲ ಕೂತದ್ದರಿಂದ. ಹಾಗಾಗಿ ಕಪ್ಪು ಮತ್ತು ಕೆಂಪು ಕೂಡುವ ಗೆರೆ ನೇರವಾಗಿರುವುದಿಲ್ಲ, ಮೋಡದಂತೆ ಅತ್ತಿತ್ತ ಹರಡಿರುತ್ತದೆ. ಗೆರೆ ಚಾಕುವಿನಿಂದ ಕೊಯ್ದಂತಿದ್ದರೆ ಯಾರೋ ಬಣ್ಣ ಬಳಿದಿರಬಹುದು ಎಂದು ಅನುಮಾನಿಸಿ.

ಕಪ್ಪುಬಾಯಿ ಇಲ್ಲದೆ ಇಡೀ ಮೈ ಕೆಂಪಾಗಿ ಹೊಳೆಯುವುದು ಕೆಂಪು ಹೊಳಪಿನ ಜಾತಿ. ಚಿತ್ರವಿರುವ ಎರಡು ಜಾತಿಗಳನ್ನು ಹೊಸಬರು ಸದಾ ಅದಲುಬದಲು ಮಾಡುತ್ತಾರೆ. ಕೆಂಪು ನೆಲದ ಮೇಲೆ ಬಿಳಿ ಗೆರೆ, ಜೊತೆಗೆ ಅಡ್ಡಡ್ಡ ಗೀಟು, ನೀರಾನೆ, ಮೊಸಳೆ ಇದ್ದರೆ ಅದು ಹಳೆಯದು. ಮಾಸಲು ಹಳದಿ ನೆಲದ ಮೇಲೆ ಕೆಂಗಂದು ಬಣ್ಣದ ಚಿತ್ರ, ಅಂದರೆ ಸಾಲು ಹುಟ್ಟುಗಳ ದೋಣಿ, ಉದ್ದ ಕಾಲಿನ ಹಕ್ಕಿ, ಕಲ್ಲಿನ ಪಾತ್ರೆಯನ್ನು ನೆನಪಿಸುವ ಸುರುಳಿಗಳು ಇದ್ದರೆ ಅದು ಆಮೇಲಿನದು. ಮಣ್ಣೂ ಬೇರೆ: ಎರಡನೆಯದು ಮರುಭೂಮಿಯ ಅಂಚಿನ ಸುಣ್ಣದ ಜೇಡಿ. ಚಿತ್ರವಿಲ್ಲದ ಹಳೆಯ ಗಡಿಗೆಗೆ ನಮ್ಮ ಕಾಲದವರು ದೋಣಿ ಬರೆದು ಮಾರಿದ್ದೂ ಉಂಟು. ಬಣ್ಣ ಉಪ್ಪಿನ ಪದರದ ಮೇಲೆ ಅಥವಾ ಚಕ್ಕೆ ಎದ್ದ ಜಾಗದೊಳಗೆ ಹರಿದಿದ್ದರೆ ಕೈಬಿಡಿ.

ಒರಟು ಜಾತಿ ಎಂದರೆ ಹುಲ್ಲು ಬೆರೆಸಿದ, ಹೊಳಪಿಲ್ಲದ ಕಂದು ಮಡಕೆ. ಅಡುಗೆಗೆ, ದಾಸ್ತಾನಿಗೆ ಬಳಸಿದ್ದು. ‘ತಡವಾದ’ ಜಾತಿ ಒಂದು ಬಗೆಯ ಚಿಲ್ಲರೆ ಗಂಟು, ಕೊನೆಯ ಹಂತದ ನಯವಾದ ಗಟ್ಟಿ ಮಡಕೆಗಳನ್ನೆಲ್ಲ ಪೆಟ್ರಿ ಅದಕ್ಕೆ ತುಂಬಿದರು.

ಇನ್ನು ಅಲೆಹಿಡಿ ಮಡಕೆ. ಇಡೀ ವಿಧಾನದ ಬೆನ್ನೆಲುಬು ಇದೇ, ಇದರ ಮುಂದೆ ಎಷ್ಟು ಹೊತ್ತು ಕೂತರೂ ನಷ್ಟವಿಲ್ಲ. ಮೂಲ ಮಾದರಿ ಪ್ಯಾಲೆಸ್ಟೈನ್ ಕಡೆಯಿಂದ ಬಂದದ್ದು. ಮೊದಲ ಹಂತದಲ್ಲಿ ದುಂಡು ಹೊಟ್ಟೆಯ ಅಗಲ ಗಡಿಗೆ, ಭುಜದ ಎರಡೂ ಬದಿಗೆ ಬೆರಳು ಹಿಡಿದು ಎತ್ತುವಂಥ ಅಲೆಅಲೆಯಾದ ಹಿಡಿ. ಮುಂದಿನ ಹಂತದಲ್ಲಿ ಹೊಟ್ಟೆ ಕರಗುತ್ತದೆ, ಹಿಡಿ ಸಣ್ಣದಾಗುತ್ತದೆ. ಆಮೇಲೆ ಹಿಡಿ ಹಿಡಿಯಲು ಬಾರದ ಬರೀ ಅಲೆಗೆರೆಯಾಗಿ ಸುತ್ತಲೂ ಓಡುತ್ತದೆ. ಕೊನೆಗೆ ಮಡಕೆ ನೆಟ್ಟಗಿನ ಕೊಳವೆಯಾಗಿ, ಕತ್ತಿನ ಕೆಳಗೆ ಹಗ್ಗದ ಅಚ್ಚಿನಂಥ ಒಂದು ಗೀರು ಮಾತ್ರ ಉಳಿದು, ಅದೂ ಮಾಯವಾಗುತ್ತದೆ. ಒಳಗಿನ ವಸ್ತುವೂ ಹಾಗೆಯೇ ಇಳಿಯುತ್ತ ಹೋದದ್ದನ್ನು ಪೆಟ್ರಿ ಗಮನಿಸಿದ್ದರು. ಹಳೆಯವುಗಳಲ್ಲಿ ಸುವಾಸನೆಯ ಕೊಬ್ಬು, ನಡುವಿನವುಗಳಲ್ಲಿ ಮಣ್ಣಿನ ಮೇಲೆ ತೆಳುವಾಗಿ ಕೊಬ್ಬು, ಕೊನೆಯವುಗಳಲ್ಲಿ ಬರೀ ಮಣ್ಣು. ಆದ್ದರಿಂದ ಅಲೆಹಿಡಿಯನ್ನು ಒಂದೇ ಜಾತಿಯಾಗಿ ಬರೆದುಕೊಳ್ಳಬೇಡಿ. ಕಡೇಪಕ್ಷ ‘ಹಿಡಿ ಇರುವುದು’, ‘ಅಲೆಗೆರೆ’, ‘ಕೊಳವೆ’ ಎಂದು ಮೂರಾಗಿ ಒಡೆಯಿರಿ.

ಪಟ್ಟಿಗಳನ್ನು ಸರಿಸುವುದು

ಅಭ್ಯಾಸಕ್ಕೆ ಐದು ಕಲ್ಪಿತ ಗೋರಿಗಳನ್ನು ತೆಗೆದುಕೊಳ್ಳೋಣ.

ಕ: ಕಪ್ಪುಬಾಯಿ, ಕೆಂಪು ಹೊಳಪು, ಒರಟು, ದೋಣಿಚಿತ್ರ
ಖ: ಬಿಳಿಗೆರೆ, ಕಪ್ಪುಬಾಯಿ, ಕೆಂಪು ಹೊಳಪು
ಗ: ಒರಟು, ಅಲೆಹಿಡಿ ಕೊಳವೆ, ತಡವಾದದ್ದು
ಘ: ಒರಟು, ದೋಣಿಚಿತ್ರ, ಹಿಡಿ ಇರುವ ಅಲೆಹಿಡಿ
ಚ: ಕಪ್ಪುಬಾಯಿ, ಕೆಂಪು ಹೊಳಪು, ಒರಟು

ಒಂದೊಂದು ಗೋರಿಗೆ ಒಂದು ಪಟ್ಟಿ, ಇರುವ ಜಾತಿಯ ಅಂಕಣದಲ್ಲಿ ಒಂದು ಚುಕ್ಕೆ. ಎಷ್ಟು ಮಡಕೆ ಎಂಬುದು ಸದ್ಯಕ್ಕೆ ಬೇಡ, ಇದೆಯೋ ಇಲ್ಲವೋ ಅಷ್ಟೇ. ಈಗ ಪ್ರತಿ ಅಂಕಣದ ಚುಕ್ಕೆಗಳು ನಡುವೆ ಬಿರುಕಿಲ್ಲದೆ ಒತ್ತಟ್ಟಿಗೆ ಬರುವಂತೆ ಪಟ್ಟಿಗಳನ್ನು ಸರಿಸಿ. ಇಲ್ಲಿ ಸಿಗುವ ಸರದಿ ಖ, ಚ, ಕ, ಘ, ಗ. ಪರೀಕ್ಷಿಸಿ ನೋಡಿ: ಕಪ್ಪುಬಾಯಿ ಖ-ಚ-ಕದಲ್ಲಿ ಸತತವಾಗಿದೆ, ಒರಟು ಚದಿಂದ ಗವರೆಗೆ ಸತತವಾಗಿದೆ, ದೋಣಿಚಿತ್ರ ಕ ಮತ್ತು ಘ ಎರಡರಲ್ಲೇ ನಿಂತಿದೆ. ಚ ಮತ್ತು ಕ ಸ್ಥಳ ಬದಲಿಸಿದರೆ ದೋಣಿಚಿತ್ರದ ಅಂಕಣ ತುಂಡಾಗುತ್ತದೆ.

ಒಂದು ಬಗೆ ಹುಟ್ಟುತ್ತದೆ, ಬಳಕೆಗೆ ಬರುತ್ತದೆ, ಮರೆಯಾಗುತ್ತದೆ, ಮತ್ತೆ ಹುಟ್ಟುವುದಿಲ್ಲ ಎಂಬ ಊಹೆಯ ಮೇಲೆ ಇದೆಲ್ಲ ನಿಂತಿದೆ. ಮಡಕೆಯ ಮಟ್ಟಿಗೆ ಈ ಊಹೆ ಬಹುಪಾಲು ನಿಲ್ಲುತ್ತದೆ. ನಲವತ್ತು ಪಟ್ಟಿಗಳಲ್ಲಿ ಎಲ್ಲ ಅಂಕಣವೂ ಒತ್ತಟ್ಟಿಗೆ ಬರುವುದು ಅಸಾಧ್ಯ, ಬಿರುಕುಗಳು ಆದಷ್ಟು ಕಡಿಮೆಯಾದರೆ ಸಾಕು. ಹತ್ತಾರು ಬಾರಿ ಸರಿಸಿದ ಮೇಲೂ ಬಿರುಕುಗಳ ಸಂಖ್ಯೆ ಇಳಿಯದಿದ್ದರೆ ನಿಲ್ಲಿಸಿ, ಮತ್ತೆ ಜಾತಿ ವಿಂಗಡಣೆಗೆ ಹೋಗಿ. ದೋಷ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಕಂಪ್ಯೂಟರ್‌ನಲ್ಲಿ ಮಾಡುವವರು ಕರೆಸ್ಪಾಂಡೆನ್ಸ್ ಅನಾಲಿಸಿಸ್ ಬಳಸಬಹುದು, ಒಂದನ್ನೊಂದು ಹೋಲುವ ಗೋರಿಗಳನ್ನು ಹತ್ತಿರ ಹತ್ತಿರ ಚುಕ್ಕೆಗಳಾಗಿ ಇಡುವ ಸಂಖ್ಯಾಶಾಸ್ತ್ರದ ಲೆಕ್ಕ ಅದು. ಚುಕ್ಕೆಗಳು ಕುದುರೆ ಲಾಳದ ಆಕಾರದಲ್ಲಿ ಬಾಗಿ ನಿಂತರೆ ಸರದಿ ಸರಿಯಾಗಿ ಬಂದಿದೆ ಎಂದರ್ಥ. ಮೋಡದಂತೆ ಚದುರಿದರೆ ಕಾಲಕ್ಕಿಂತ ಬೇರೇನೋ, ಬಹುಶಃ ಸಿರಿತನವೋ ಪ್ರದೇಶವೋ, ಗೋರಿಗಳನ್ನು ಬೇರ್ಪಡಿಸುತ್ತಿದೆ. ಆದರೂ ಮೊದಲ ಸಲ ರಟ್ಟಿನಲ್ಲೇ ಮಾಡುವುದು ಒಳ್ಳೆಯದು, ಯಾವ ಗೋರಿ ತೊಂದರೆ ಕೊಡುತ್ತಿದೆ ಎಂಬುದು ಬೆರಳಿಗೇ ಗೊತ್ತಾಗುತ್ತದೆ.

ಸಾಲು ಸಿಕ್ಕಿತು. ಆದರೆ ಯಾವ ತುದಿ ಹಳೆಯದು? ಅದನ್ನು ಪಟ್ಟಿಗಳು ಹೇಳುವುದಿಲ್ಲ, ಖದಿಂದ ಗಕ್ಕೂ ಓದಬಹುದು, ಗದಿಂದ ಖಕ್ಕೂ ಓದಬಹುದು. ದಿಕ್ಕಿಗೆ ಹೊರಗಿನ ಗೂಟ ಬೇಕು. ಕೊಳವೆಯಾಕಾರದ ಮಡಕೆಗಳು ಮೊದಲ ರಾಜವಂಶದ ಅರಸರ ಹೆಸರಿರುವ ಗೋರಿಗಳಲ್ಲೇ ಸಿಗುವುದರಿಂದ ಆ ತುದಿ ಕೊನೆಯದು. ಇನ್ನೊಂದು ಸಾಕ್ಷಿ ನೆಲದ ಪದರ: 1920ರ ದಶಕದಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಹೆಮಾಮಿಯೆಯ ವಾಸದ ದಿಬ್ಬವನ್ನು ಪದರಪದರವಾಗಿ ಅಗೆದಾಗ, ಕೆಳಗೆ ನಕಾದಾಕ್ಕಿಂತ ಹಿಂದಿನ ಹಂತವಾದ ಬದಾರಿಯ ಮಡಕೆ, ಅದರ ಮೇಲೆ ನಕಾದಾದ ಹಳೆಯ ಮಡಕೆ, ಅದರ ಮೇಲೆ ಆಮೇಲಿನದು ಸಿಕ್ಕಿತು. ರಟ್ಟಿನ ಪಟ್ಟಿಯ ಸರದಿ ಮಣ್ಣಿನಲ್ಲೂ ನಿಂತಿತು.

ಪೆಟ್ರಿ ತಮ್ಮ ಸಾಲನ್ನು ಸಮಭಾಗ ಮಾಡಿ 30ರಿಂದ 80ರವರೆಗೆ ಸಂಖ್ಯೆ ಕೊಟ್ಟರು. 1ರಿಂದ 29ನ್ನು ಮುಂದೆ ಸಿಗಬಹುದಾದ ಹಳೆಯದಕ್ಕೆಂದು ಖಾಲಿ ಬಿಟ್ಟರು. ಗೈ ಬ್ರಂಟನ್ ಮತ್ತು ಕೇಟನ್ ಥಾಂಪ್ಸನ್‌ಗೆ ಬದಾರಿ ಸಿಕ್ಕಾಗ ಆ ಜಾಗಕ್ಕೆ ಅದು ಬಂದು ಕೂತಿತು. ಈ ಸಂಖ್ಯೆಗಳನ್ನು ವರ್ಷವೆಂದು ತಿಳಿಯಬೇಡಿ. 35ಕ್ಕೂ 36ಕ್ಕೂ ನಡುವಿನ ಕಾಲ, 70ಕ್ಕೂ 71ಕ್ಕೂ ನಡುವಿನ ಕಾಲ ಒಂದೇ ಆಗಬೇಕಿಲ್ಲ.

ಎಲ್ಲಿ ಕೆಡುತ್ತದೆ

ಒಂದೇ ಗೋರಿಯಲ್ಲಿ ಬಿಳಿಗೆರೆಯೂ ಅಲೆಹಿಡಿ ಕೊಳವೆಯೂ ಸಿಕ್ಕರೆ, ಕಳ್ಳರು ಕದಡಿದ್ದಾರೆ ಅಥವಾ ಹಳೆಯ ಗುಂಡಿಯನ್ನು ಕಡಿದು ಹೊಸ ಗುಂಡಿ ತೋಡಿದ್ದಾರೆ. ಅಂಥ ಪಟ್ಟಿಯನ್ನು ಪಕ್ಕಕ್ಕಿಡಿ. ಬಲವಂತವಾಗಿ ಸಾಲಿಗೆ ತುರುಕಿದರೆ ಅದು ಎರಡು ತುದಿಗಳನ್ನೂ ನಡುವಿಗೆ ಎಳೆಯುತ್ತದೆ.

ಪ್ರದೇಶದ ಬಲೆ ಇನ್ನೂ ದೊಡ್ಡದು. ನಕಾದಾದ ಸಾಲು ಮೇಲಿನ ಈಜಿಪ್ಟ್‌ಗೆ ಮಾತ್ರ. ಈಗಿನ ಕೈರೋ ಪಕ್ಕದ ಮಾದಿ, ನದೀಮುಖಜದ ಬೂತೊ ಕಡೆಯ ಜನರ ಮಡಕೆಯೇ ಬೇರೆ, ಗೋರಿಗಳೂ ಬಡವು. ಅವನ್ನು ಇದೇ ಸಾಲಿಗೆ ಸೇರಿಸಿದರೆ ಬರಿಗೈಯವರೆಲ್ಲ ‘ಹಳಬರು’ ಆಗಿಬಿಡುತ್ತಾರೆ. ದಕ್ಷಿಣಕ್ಕೆ, ಅಸ್ವಾನ್‌ನಿಂದಾಚೆ ನೂಬಿಯಾದಲ್ಲಿ, ಕಪ್ಪುಬಾಯಿ ಮಡಕೆ ಈಜಿಪ್ಟ್‌ನಲ್ಲಿ ಮರೆಯಾದ ಮೇಲೂ ಬಹುಕಾಲ ಬದುಕಿತ್ತು. ಕೆರ್ಮಾದ ಚೆಂದದ ಕಪ್ಪುಬಾಯಿ ಬಟ್ಟಲುಗಳು ಕ್ರಿ.ಪೂ. 1700ರ ಆಸುಪಾಸಿನವು, ಅಂದರೆ ಪಿರಮಿಡ್‌ಗಳಿಗಿಂತ ಎಷ್ಟೋ ಈಚಿನವು.

ಬೇರೆ ವಸ್ತುಗಳಿಂದ ಅಡ್ಡಪರೀಕ್ಷೆ ಮಾಡಿ. ಕಣ್ಣಿನ ಬಣ್ಣ ಅರೆಯುವ ಕಲ್ಲಿನ ಹಲಗೆ ಮೊದಲು ವಜ್ರಾಕೃತಿಯಲ್ಲಿ, ಆಮೇಲೆ ಮೀನು, ಆಮೆ, ಹಕ್ಕಿಯ ಆಕಾರದಲ್ಲಿ ಬರುತ್ತದೆ. ಗದೆಯ ತಲೆ ಮೊದಲು ತಟ್ಟೆಯಂತೆ, ಆಮೇಲೆ ಪೇರಳೆಯಂತೆ. ಇವು ನಿಮ್ಮ ಸಾಲಿಗೆ ಉಲ್ಟಾ ಬಂದರೆ ದಿಕ್ಕನ್ನು ಮತ್ತೆ ನೋಡಿ. ಸ್ಮಶಾನದ ನಕಾಶೆಯೂ ಉಪಯೋಗಕ್ಕೆ ಬರುತ್ತದೆ. 1957ರಲ್ಲಿ ವೆರ್ನರ್ ಕೈಸರ್ ಅರ್ಮಂತ್‌ನ ಸ್ಮಶಾನದಲ್ಲಿ ಕಪ್ಪುಬಾಯಿ, ಒರಟು, ತಡವಾದ ಮಡಕೆಗಳು ಬೇರೆ ಬೇರೆ ಭಾಗಗಳಲ್ಲಿ ಗುಂಪಾಗಿರುವುದನ್ನು ಕಂಡು, ಸ್ಮಶಾನ ಒಂದು ಬದಿಯಿಂದ ಇನ್ನೊಂದು ಬದಿಗೆ ಬೆಳೆದ ರೀತಿಯಿಂದಲೇ ಪೆಟ್ರಿಯ ಸಾಲನ್ನು ತಿದ್ದಿದರು. ಇಂದು ಬಳಕೆಯಲ್ಲಿರುವ ನಕಾದಾ ಒಂದು, ಎರಡು, ಮೂರು ಎಂಬ ಹಂತಗಳ ಒಳವಿಂಗಡಣೆಗೆ ಆ ತಿದ್ದುಪಡಿಯೇ ತಳಹದಿ.

ಅಲೆಮಾರಿಗಳ ತುದಿ

ಸಾಲಿನ ಹಳೆಯ ತುದಿಗೆ ಹೋದಷ್ಟೂ ಮಡಕೆ ಕೈಕೊಡುತ್ತದೆ. ದನದ ಹಿಂದೆ ಹೋಗುವವರು ಹತ್ತು ಗಡಿಗೆ ಹೊರುವುದಿಲ್ಲ, ಒಂದೇ ಜಾಗದಲ್ಲಿ ತಲೆಮಾರುಗಟ್ಟಲೆ ಹೂಳುವುದೂ ಇಲ್ಲ. ಇಲ್ಲಿ ಪಟ್ಟಿ ಬಿಟ್ಟು ಪದರಕ್ಕೆ ಬನ್ನಿ.

ಅಬು ಸಿಂಬೆಲ್‌ನ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ದೂರದ ನಬ್ತಾ ಪ್ಲಾಯಾ ಒಂದು ಕಾಲದ ಮಳೆಗಾಲದ ಕೆರೆ. ಅದರ ಕಡಿತದಲ್ಲಿ ಹೂಳಿನ ಪದರ ಕಂಡರೆ ಮಳೆಯ ಕಾಲ, ಗಾಳಿ ತಂದ ಮರಳು ಕಂಡರೆ ಬರಗಾಲ. ಒಲೆಗುಂಡಿ ಯಾವ ಪದರವನ್ನು ಕಡಿದಿದೆ, ಯಾವ ಪದರ ಅದನ್ನು ಮುಚ್ಚಿದೆ ಎಂಬ ಎರಡೇ ಪ್ರಶ್ನೆ ಕೇಳಿ. ಉತ್ತರ ಸಿಕ್ಕರೆ ಒಲೆಗೆ ಸರದಿ ಸಿಕ್ಕಂತೆ. ಹಳೆಯ ಚೂರುಗಳಲ್ಲಿ ಮೈತುಂಬ ಒತ್ತಿದ ಅಚ್ಚಿನ ಅಲಂಕಾರ ಇರುತ್ತದೆ. ಈಚಿನ ಪದರಗಳಲ್ಲಿ ನಯಗೊಳಿಸಿದ, ಕಪ್ಪುಬಾಯಿಯ ಚೂರುಗಳು ಬರುತ್ತವೆ. ಬದಾರಿಯ ತೆಳು ಮಡಕೆಗಳ ಮೇಲೆ ಬಾಚಣಿಗೆಯಿಂದ ಎಳೆದು ಹೊಳಪು ಕೊಟ್ಟ ಸಣ್ಣ ಏರಿಳಿತ ಕಾಣುತ್ತದಲ್ಲ, ಅದೇ ಬಗೆಯ ಕೆಲಸ ಮರುಭೂಮಿಯಲ್ಲೂ ಸಿಕ್ಕಿದೆ. ಕಣಿವೆಯ ಜನಕ್ಕೂ ದನಗಾಹಿಗಳಿಗೂ ನಂಟಿತ್ತು ಎನ್ನಲು ಇದು ಗಟ್ಟಿಯಾದ ಕುರುಹು.

ಪೂರ್ವ ಸಹಾರಾದಿಂದ ಮುಂಗಾರು ಹಿಂದೆ ಸರಿದದ್ದು ಕ್ರಿ.ಪೂ. 5300ರ ಸುಮಾರಿಗೆ. ಹಾಗೆಂದು ಮರುವರ್ಷವೇ ಎಲ್ಲರೂ ನೈಲ್‌ಗೆ ಬಂದು ಮನೆ ಕಟ್ಟಿದರು ಎಂದು ಬರೆಯಬೇಡಿ, ಈ ವಿಷಯದಲ್ಲಿ ಅತಿ ಸಾಮಾನ್ಯವಾದ ತಪ್ಪು ಅದು. ಬದಾರಿ ಹಂತದ ವಾಸದ ಜಾಗಗಳಲ್ಲಿ ತೆಳುವಾದ ಗುಡಿಸಲುಗಳ ಗುರುತು, ಸಗಣಿ ಮತ್ತು ಹಿಕ್ಕೆಯ ಪದರಗಳು ಕಾಣುತ್ತವೆ. ಅವರು ಗೋಧಿ ಬೆಳೆದರೂ ಅರ್ಧ ದನಗಾಹಿಗಳಾಗಿಯೇ ಇದ್ದರು, ದನ ಕುರಿಗಳನ್ನು ಚಾಪೆ ಸುತ್ತಿ ಹೂಳಿದ್ದೂ ಇದೆ. ಉತ್ತರದ ಫಯೂಮ್‌ನಲ್ಲಿ ಕ್ರಿ.ಪೂ. 4500ರ ಹೊತ್ತಿಗೆ ಹುಲ್ಲುಹೆಣಿಗೆಯ ಒಳಪದರ ಹಾಕಿದ ಕಾಳಿನ ಹಗೇವುಗಳಿದ್ದವು, ಆದರೆ ಗಟ್ಟಿ ಮನೆಗಳ ಕುರುಹು ಕಾಣುವುದಿಲ್ಲ. ದವಸ ಒಂದೆಡೆ ನಿಂತಿತ್ತು, ಜನ ತಿರುಗಾಡುತ್ತಿದ್ದರು.

ವರ್ಷ ಹಚ್ಚುವುದು

ಸರದಿ ನಿಂತ ಮೇಲೆ ರೇಡಿಯೋಕಾರ್ಬನ್, ಅಂದರೆ ಜೀವವಿದ್ದ ವಸ್ತುವಿನಲ್ಲಿ ಉಳಿದ ವಿಕಿರಣಶೀಲ ಇಂಗಾಲದಿಂದ ವಯಸ್ಸು ಅಳೆಯುವುದು. ಮಾದರಿ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಕಾಳು, ಜೊಂಡು, ನಾರುಬಟ್ಟೆ, ಕೂದಲು ಒಳ್ಳೆಯವು, ಅವು ಒಂದೆರಡು ವರ್ಷದಲ್ಲಿ ಬೆಳೆದವು. ಒಲೆಯ ಇದ್ದಿಲು ಅಪಾಯಕಾರಿ: ಮರುಭೂಮಿಯಲ್ಲಿ ಒಣಗಿದ ಜಾಲಿ ಮರ ಕೊಳೆಯದೆ ನೂರಾರು ವರ್ಷ ಬಿದ್ದಿರುತ್ತದೆ, ಅದನ್ನು ಉರಿಸಿದವರಿಗಿಂತ ಅದರ ವಯಸ್ಸು ಹೆಚ್ಚು. ಮೂಳೆಯಲ್ಲಿ ಬೇಕಾದ ಕೊಲಾಜನ್ ಎಂಬ ಪ್ರೋಟೀನ್ ಈಜಿಪ್ಟ್‌ನ ಸೆಕೆಗೆ ಹೆಚ್ಚಾಗಿ ಹಾಳಾಗಿರುತ್ತದೆ. ಹಳೆಯ ಸಂಗ್ರಹದ ವಸ್ತುವಾದರೆ ಮೇಣ ಬಳಿದಿದ್ದಾರೆಯೇ ಕೇಳಿ, ಪೆಟ್ರಿಯ ಕಾಲದಲ್ಲಿ ಪುಡಿಯಾಗುವ ವಸ್ತುವನ್ನು ಪ್ಯಾರಾಫಿನ್ ಹಾಕಿ ಗಟ್ಟಿ ಮಾಡುತ್ತಿದ್ದರು. ಅದರ ಇಂಗಾಲ ಬೆರೆತರೆ ವಯಸ್ಸು ಸುಳ್ಳಾಗಿ ಏರುತ್ತದೆ.

ಉತ್ತರ ಒಂದೇ ವರ್ಷವಾಗಿ ಬರುವುದಿಲ್ಲ. ಕ್ರಿ.ಪೂ. 3300ರಿಂದ 3000ರ ಆಸುಪಾಸಿನಲ್ಲಿ ಅಳತೆಯನ್ನು ಇಸವಿಗೆ ಪರಿವರ್ತಿಸುವ ತಿದ್ದುಪಡಿಯ ರೇಖೆ ಚಪ್ಪಟೆಯಾಗಿರುವುದರಿಂದ ವ್ಯಾಪ್ತಿ ಹಿಗ್ಗುತ್ತದೆ. ಈಜಿಪ್ಟ್‌ನ ತರ್ಖಾನ್ ಸ್ಮಶಾನದಲ್ಲಿ ಸಿಕ್ಕ ನಾರುಬಟ್ಟೆಯ ಅಂಗಿಗೆ ಬಂದ ಉತ್ತರ ಕ್ರಿ.ಪೂ. 3482ರಿಂದ 3102, ಅಂದರೆ 380 ವರ್ಷದ ಅಗಲ. ಒಂಟಿ ಮಾದರಿಯನ್ನು ಇದಕ್ಕಿಂತ ಹಿಂಡಲಾಗದು. ಆದರೆ ಸಾಲಿನ ಬೇರೆ ಬೇರೆ ಹಂತಗಳಿಂದ ಹಲವು ಮಾದರಿ ತೆಗೆದು, ‘ಇದು ಅದಕ್ಕಿಂತ ಮೊದಲು’ ಎಂಬ ನಿಮ್ಮ ಸರದಿಯನ್ನೂ ಲೆಕ್ಕಕ್ಕೆ ಕೊಟ್ಟರೆ ಪ್ರತಿ ವ್ಯಾಪ್ತಿಯೂ ಕಿರಿದಾಗುತ್ತದೆ. ರಟ್ಟಿನ ಪಟ್ಟಿ ಇಲ್ಲಿ ದುಡಿದು ಕೊಡುತ್ತದೆ. ಹೀಗೆ 2013ರಲ್ಲಿ ಮಾಡಿದ ಲೆಕ್ಕದಲ್ಲಿ ನಕಾದಾ ಶುರುವಾದದ್ದು ಕ್ರಿ.ಪೂ. 3800-3700ರ ಸುಮಾರಿಗೆ, ಮೊದಲ ರಾಜವಂಶದ ಅರಸ ಅಹಾ ಪಟ್ಟಕ್ಕೆ ಬಂದದ್ದು 3100ರ ಆಸುಪಾಸಿಗೆ ಎಂದು ಬಂತು. ಮುಂಚೆ ನಕಾದಾದ ಶುರುವನ್ನು 4000ಕ್ಕೆ ಇಡುತ್ತಿದ್ದರು. ಹಳ್ಳಿಯಿಂದ ರಾಜ್ಯಕ್ಕೆ ಹಿಡಿದ ಕಾಲ ಹೀಗೆ ಕುಗ್ಗಿತು.

ಸಾಲನ್ನು ಓದುವುದು

ಕೊನೆಗೆ ಪ್ರತಿ ಗೋರಿಯ ವಿಸ್ತೀರ್ಣ ಲೆಕ್ಕ ಹಾಕಿ ಸಾಲಿನ ಎದುರು ಬರೆಯಿರಿ. ಆಯತವಾದರೆ ಉದ್ದ ಗುಣಿಸು ಅಗಲ, ಅಂಡಾಕಾರವಾದರೆ ಅದನ್ನು 0.785ರಿಂದ ಗುಣಿಸಿ. ಆಳ ಸೇರಿಸಬೇಡಿ, ಗಾಳಿ ಮೇಲ್ಮಣ್ಣನ್ನು ಕೊರೆದಿರುವುದರಿಂದ ಈಗಿನ ಆಳ ಅಂದಿನದಲ್ಲ. ಮಡಕೆಗಳ ಎಣಿಕೆಯನ್ನೂ ನಂಬಬೇಡಿ, ಕಳ್ಳರು ಮೊದಲು ನುಗ್ಗುವುದು ಸಿರಿವಂತರ ಗೋರಿಗೇ.

ಸಾಮಾನ್ಯರ ಅಂಡಾಕಾರದ ಗುಂಡಿ 1.2 ಮೀಟರ್ ಉದ್ದ, 0.9 ಅಗಲ ಇದ್ದರೆ 0.85 ಚದರ ಮೀಟರ್. ಮಡಿಚಿ ಮಲಗಿಸಿದ ದೇಹಕ್ಕೂ ನಾಲ್ಕಾರು ಮಡಕೆಗೂ ಅಷ್ಟು ಸಾಕು. ನಕಾದಾ ಎರಡನೇ ಹಂತದ ನಡುವಿಗೆ ಹೈರಾಕೊನ್‌ಪೊಲಿಸ್‌ನ 100ನೇ ಗೋರಿ ಬರುತ್ತದೆ: ಇಟ್ಟಿಗೆ ಗೋಡೆ, ಗಿಲಾವು, ಅದರ ಮೇಲೆ ದೋಣಿ, ಬೇಟೆ, ಹೊಡೆದಾಟದ ಬಣ್ಣದ ಚಿತ್ರ, ಸುಮಾರು 9 ಚದರ ಮೀಟರ್. ನಕಾದಾ ಮೂರನೇ ಹಂತದಲ್ಲಿ, ಕ್ರಿ.ಪೂ. 3200ರ ಆಸುಪಾಸು, ಅಬೈಡೋಸ್‌ನ ಯು-ಜೆ ಗೋರಿ: 12 ಕೋಣೆ, 9.1 ಗುಣಿಸು 7.3, ಅಂದರೆ 66 ಚದರ ಮೀಟರ್. 1988ರಲ್ಲಿ ಗುಂಟರ್ ಡ್ರೈಯರ್ ತಂಡ ಅದರಲ್ಲಿ ನೂರಾರು ದ್ರಾಕ್ಷಾರಸದ ಹೂಜಿಗಳನ್ನೂ, ಸುಮಾರು 160 ಮೂಳೆ ಮತ್ತು ದಂತದ ಚೀಟಿಗಳನ್ನೂ ಕಂಡಿತು. ಚೀಟಿಗಳ ಮೇಲೆ ಸಂಖ್ಯೆಗಳೂ ಬರಹದ ಮೊದಲ ಗುರುತುಗಳೂ ಇವೆ. ನಿಮ್ಮ ಸಾಲಿನಲ್ಲಿ ವಿಸ್ತೀರ್ಣದ ಅಂತರ ಎಲ್ಲಿಂದ ಬಾಯಿ ಬಿಡುತ್ತದೆ ಎಂದು ಗೆರೆ ಎಳೆಯಿರಿ. ಬಹುಪಾಲು ಸಣ್ಣ ಸ್ಮಶಾನಗಳಲ್ಲಿ ಅಂಥ ಗೆರೆಯೇ ಸಿಗುವುದಿಲ್ಲ. ಸಿಕ್ಕರೆ, ಅದರ ಆಚೆಯ ದೊಡ್ಡ ಗೋರಿಗಳು ಸ್ಮಶಾನದಲ್ಲಿ ಚದುರಿವೆಯೋ, ಪ್ರತ್ಯೇಕ ಜಾಗದಲ್ಲಿ ಗುಂಪಾಗಿವೆಯೋ ಎಂದು ನಕಾಶೆಯಲ್ಲಿ ನೋಡಿ. ಗುಂಪಾಗಿದ್ದರೆ ಸಿರಿತನ ಒಬ್ಬೊಬ್ಬರದಾಗಿರದೆ ಮನೆತನದ್ದಾಗಿ, ತಂದೆಯಿಂದ ಮಗನಿಗೆ ಇಳಿಯುತ್ತಿತ್ತು ಎಂದು ವಾದಿಸಲು ನಿಮ್ಮ ಕೈಯಲ್ಲಿ ಆಧಾರವಿದೆ.